ಕಾರವಾರದ ಬಂದರಿನಲ್ಲಿ ಹೇಳಿದ ಹೆಸರು

ಮುಂಬಯಿಯಲ್ಲಿ ನನ್ನ ಮಗಳು ಶೇಖರಮ್ಮನಿಗೆ ದಿನ ತುಂಬಿತ್ತು. ಚೊಚ್ಚಲ ಹೆರಿಗೆ, ಮೈಯೆಲ್ಲ ಬಾವು. ತವರಿಗೆ ಕರೆತರುವುದು ಬೇಡವೆಂದರು ಡಾಕ್ಟರು. ಅದಕ್ಕೇ ನಾನೇ ಕೊಪ್ಪಳದಿಂದ ಹೊರಟೆ. ಹುಬ್ಬಳ್ಳಿಯಲ್ಲಿ ರೈಲು ಬದಲಿಸಿದ್ದರೆ ಇಷ್ಟೊತ್ತಿಗೆ ಅವಳ ತಲೆ ನನ್ನ ತೊಡೆಯ ಮೇಲಿರುತ್ತಿತ್ತು. ಆದರೆ ನಮ್ಮವರಿಗೆ ಸಮುದ್ರದ ಹುಚ್ಚು. "ಜನ್ಮಕ್ಕೊಮ್ಮೆ ಹಡಗಿನಾಗ ಹೋಗೂಣು" ಎಂದು ಮೋಟಾರು ಹತ್ತಿಸಿ ಘಟ್ಟ ಇಳಿಸಿದರು. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷದ ಮಾತಿದು.

ಹಡಗು ಬರುವುದು ಸಂಜೆಗೆ. ಅಲ್ಲಿಯವರೆಗೆ ಊರು ನೋಡುವುದಂತೆ. ಇಂಗ್ಲಿಷರು ಮೆಣಸು ತುಂಬುತ್ತಿದ್ದ ಕೋಠಿ ಎಲ್ಲಿತ್ತು, ಹೊಳೆಯಾಚೆಯ ಗುಡ್ಡದ ಕೋಟೆ ಯಾರದು ಎಂದು ಸಿಕ್ಕಸಿಕ್ಕವರನ್ನು ಕೇಳುತ್ತ ನಡೆದದ್ದೇ ನಡೆದದ್ದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನನಗೆ ಕೋಟೆಯೂ ಬೇಡ, ಕೋಠಿಯೂ ಬೇಡ, ಮಗಳು ಬೇಕಿತ್ತು.

ಹೆಂಡತಿ ಹಿಂದೆ ನಡೆಯಬೇಕು, ಗಂಡ ತಿರುಗಿ ನೋಡಬಾರದು, ನಮ್ಮ ಕಡೆಯ ಮರ್ಯಾದೆ ಅದು. ಪೇಟೆಯಲ್ಲಿ ಒಣಮೀನಿನ ವಾಸನೆಗೆ ಮೂಗಿಗೆ ಸೆರಗು ಹಿಡಿದು, ಮುಂದಿನ ರುಮಾಲಿನ ಮೇಲೆ ಕಣ್ಣಿಟ್ಟು ನಡೆದೆ. ರುಮಾಲು ಒಂದು ಗಾಡಿಯ ಬಳಿ ನಿಂತು ತಿರುಗಿದಾಗ ಅದರ ಕೆಳಗೆ ಬೇರೆಯವನ ಮುಖವಿತ್ತು. ನಮ್ಮ ಸೀಮೆಯಿಂದ ಹತ್ತಿ ಹೇರಿಕೊಂಡು ಬಂದ ಗಾಡಿಯವನು.

"ಯಾರು ಬೇಕಾಗಿತ್ರಿ ಯವ್ವಾ?"

"ನಮ್ಮನಿಯವರು" ಎಂದೆ. ಅವನು ನಕ್ಕ.

ಬಿಸಿಲಲ್ಲಿ ಪೇಟೆಯನ್ನೆಲ್ಲ ಸುತ್ತಿದೆ, ಬಂದರಿನ ಗೋದಾಮುಗಳ ಸುತ್ತ ಅಲೆದೆ. ಸಂಜೆಗೆ ಹಡಗು ಬಂದು ದೂರದ ನೀರಿನಲ್ಲಿ ನಿಂತು ಕೂಗಿತು. ಜನ ಹಡಗಿಗೆ ಒಯ್ಯುವ ದೋಣಿಗಳನ್ನು ಹತ್ತತೊಡಗಿದರು. ದೂರಕ್ಕೆ ಕೇಳುವಂತೆ ಕೂಗಲು ತಗಡಿನ ಭೋಂಗಾ ಹಿಡಿದ ಬಂದರಿನ ಜವಾನನ ಬಳಿಗೆ ಓಡಿ, ನಮ್ಮವರು ಕಾಣುತ್ತಿಲ್ಲ ಎಂದೆ.

"ಗಂಡನ ಹೆಸರು ಹೇಳಮ್ಮ, ಕೂಗುತ್ತೇನೆ."

ಹೆಂಡತಿ ಹೆಸರು ಹಿಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ. ಮದುವೆಮನೆಯಲ್ಲಿ ಹೆಸರನ್ನು ಪ್ರಾಸದ ಒಡಪಿನಲ್ಲಿ ಕಟ್ಟಿ ಹೇಳುತ್ತೇವೆ, ಆಗ ದೋಷವಿಲ್ಲ. ಆ ಹೊತ್ತಿಗೆ ಒಂದು ಒಡಪೂ ನೆನಪಾಗಲಿಲ್ಲ. ಶೇಖರಮ್ಮ ನರಳುವುದೇ ಕಿವಿಯಲ್ಲಿ ಕೇಳುತ್ತಿತ್ತು.

"ಗವಿಸಿದ್ದಪ್ಪ" ಎಂದೆ. ಸಿಟ್ಟಿತ್ತು ನಿಜ, ಸಾಯಲಿ ಎನ್ನುವಷ್ಟು ಇರಲಿಲ್ಲ. ಮನಸ್ಸಿನಲ್ಲೇ ನಮ್ಮೂರ ಗವಿಮಠದ ಅಜ್ಜನಿಗೆ ಕೈಮುಗಿದು, ಏನೂ ಆಗದಿರಲಿ ಎಂದು ಬೇಡಿಕೊಂಡೆ.

ಭೋಂಗಾ ಕೂಗಿದ್ದೇ ತಡ, ಗೋದಾಮಿನ ಹಿಂದಿನಿಂದ ನಮ್ಮವರು ಓಡಿಬಂದರು. "ಮಂದ್ಯಾಗ ನನ್ನ ಹೆಸರ ಕೂಗಸ್ತೀ?"

ಜವಾನ ನಡುವೆ ಬಾಯಿ ಹಾಕಿದ. "ಮಧ್ಯಾಹ್ನವೇ ಇವರು ಬಂದಿದ್ದರಮ್ಮ, ಹೆಂಡತಿ ಕಾಣುತ್ತಿಲ್ಲ ಅಂತ. ಹೆಸರು ಹೇಳಿ, ಕೂಗುತ್ತೇನೆ ಅಂದೆ. ಬೇಡ ಅಂತ ಹೋಗಿಬಿಟ್ಟರು."

ಮಧ್ಯಾಹ್ನ ನಾನು ಕೂಗಳತೆಯಲ್ಲೇ ಇದ್ದೆ. ನಮ್ಮವರ ಮುಖ ನೋಡಿದೆ.

"ಹೆಣ್ಣಮಕ್ಕಳ ಹೆಸರ ಮಂದ್ಯಾಗ ಹೆಂಗ ಹೇಳೂದು? ನಾಚಿಕಿ ಬರತೈತಿ" ಎಂದರು.

"ನಾ ನಿಮ್ಮ ಆಯುಷ್ಯಕ್ಕ ಅಂಜಿದ್ನಿರಿ. ನೀವು ಬರೇ ನಾಚಿಕಿಗೆ ಅಂಜಿದ್ರಿ. ಕಳಕಮ್ಮ ಅಂದಿದ್ರ ನಿಮ್ಮದೇನು ಹೋಗತಿತ್ತು?"

ಕೊನೆಯ ದೋಣಿ ಬಿಡುವುದರಲ್ಲಿತ್ತು. ನಮ್ಮವರು ಬಾಯಿ ತೆರೆದರು. ನಾನು ಕಾದೆ. ಅವರು ನನ್ನಿಂದ ಮುಖ ತಿರುಗಿಸಿ ಅಂಬಿಗನಿಗೆ ಹೇಳಿದರು:

"ಮೊದಲ ಇಕೀನ್ನ ಹತ್ತಸ್ರಿ."