ಐದೂಕಾಲಿನಿಂದ ಆರೂವರೆ

ಬೀದಿಯವರೆಲ್ಲ ಅವರನ್ನು ಇನ್ಸ್‌ಪೆಕ್ಟರಮ್ಮ ಎಂದೇ ಕರೆಯುತ್ತಿದ್ದರು. ಅವರು ಪ್ರತಿ ಸಲವೂ "ನಾನು ಪೊಲೀಸಲ್ಲ ರೀ" ಎಂದು ತಿದ್ದುತ್ತಿದ್ದರು. ಇದು ವಿನಯವಲ್ಲ, ಹೆದರಿಕೆ. ಖಾಸಗಿ ಪತ್ತೇದಾರಿಕೆ ಮಾಡುವವರು ತಾವು ಪೊಲೀಸರೆಂದು ಹೇಳಿಕೊಂಡರೆ, ಅಷ್ಟೇಕೆ, ಎದುರಿಗಿದ್ದವರು ಹಾಗಂದುಕೊಂಡಾಗ ಸುಮ್ಮನೆ ಒಂದು ನಗೆ ನಕ್ಕರೂ ಸಾಕು, ಲೈಸೆನ್ಸಿಗೆ ಸಂಚಕಾರ. ಹತ್ತೊಂಬತ್ತು ವರ್ಷ ವಿಮಾ ಕಚೇರಿಯಲ್ಲಿದ್ದು, ಮುರಿಯದ ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಬರುವವರ ಬೆನ್ನು ಹತ್ತಿ, ಆಮೇಲೆ ಸ್ವಂತ ಬೋರ್ಡು ಹಾಕಿಕೊಂಡವರು ಅವರು. ಮನೆಯಲ್ಲಿ ಅತ್ತೆ ಮಾತ್ರ ನೆಂಟರ ಮುಂದೆ "ನಮ್ಮ ಸೊಸೆ ಎಂಥದೋ ಸರ್ವೆ ಕೆಲಸ ಮಾಡ್ತಾಳೆ" ಎಂದು ಹೇಳಿ ಮಾನ ಉಳಿಸಿಕೊಳ್ಳುತ್ತಿದ್ದರು.

ಕಚೇರಿ ಎಂದರೆ ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆ. ಒಂದು ಮೇಜು, ಎರಡು ಕುರ್ಚಿ, ಪೂರ್ತಿ ಮುಚ್ಚಲು ಒಪ್ಪದ ಒಂದು ಕಿಟಕಿ. ಆ ದಿನ ಎದುರಿನ ಕುರ್ಚಿಯ ತುದಿಯಲ್ಲಿ ಕೂತವನು ಲಿಫ್ಟ್ ಮೆಕ್ಯಾನಿಕ್. ನಲವತ್ತರ ಆಸುಪಾಸು, ಉಗುರಿನ ಸಂದಿಯಲ್ಲಿ ಗ್ರೀಸು, ಕಾಲ ಬಳಿ ಟೂಲ್ ಬ್ಯಾಗು. ಕೂತವನೇ ಜೇಬಿನಿಂದ ಒಂದು ಫೋನು ತೆಗೆದು ಮೇಜಿನ ಮೇಲಿಟ್ಟ.

"ಇದು ನನ್ನ ಹೆಂಡತಿಯ ಹಳೇ ಫೋನು. ಅವಳ ಮೆಸೇಜು ಇದಕ್ಕೂ ಬರುತ್ತೆ. ಪಾಸ್‌ವರ್ಡ್ ಗೊತ್ತಿಲ್ಲ. ನೀವು ಬಿಚ್ಚಿಕೊಟ್ರೆ ಸಾಕು."

"ಮೊದಲು ಅದನ್ನ ಜೇಬಲ್ಲಿ ಇಟ್ಕೊಳ್ಳಿ."

"ನಾನೇ ಕೊಡಿಸಿದ ಫೋನು ಮೇಡಂ."

"ಕೊಡಿಸಿದ್ದು ನೀವೇ ಇರಬಹುದು. ಒಳಗಿರೋ ಮಾತು ಅವರದು. ಅದನ್ನ ನಾನು ಬಿಚ್ಚಿದ್ರೆ ಇಬ್ಬರೂ ಕೋರ್ಟಿಗೆ ಅಲೀಬೇಕಾಗುತ್ತೆ."

ಮೆಕ್ಯಾನಿಕ್ ತಲೆ ಕೆರೆದುಕೊಂಡ. ಅವಳ ಸ್ಕೂಟರಿಗೆ ಸಣ್ಣದೊಂದು ಟ್ರ್ಯಾಕರ್ ಅಂಟಿಸಬಹುದೇ ಎಂದು ಕೇಳಿದ. ಅವರಿಗೆ ಗೊತ್ತಿಲ್ಲದೆ ಅಂಟಿಸುವ ಹಾಗಿಲ್ಲ ಎಂದರು ಇನ್ಸ್‌ಪೆಕ್ಟರಮ್ಮ. ಕೈಚೀಲದಲ್ಲಿ ರೆಕಾರ್ಡರ್ ಹಾಕಿಟ್ಟರೆ? ಇಬ್ಬರ ಮಾತನ್ನು ಮೂರನೆಯವರು ಕದ್ದು ಕೇಳುವ ಹಾಗಿಲ್ಲ. ಅವನು ಇಂಟರ್ನೆಟ್ಟಿನಲ್ಲಿ ನೋಡಿದ ಪತ್ತೇದಾರರೆಲ್ಲ ಕನಿಷ್ಠ ಒಂದು ಗೋಡೆಯನ್ನಾದರೂ ಹಾರಿದ್ದರು. ಈಯಮ್ಮ ನೋಡಿದರೆ ಗೇಟನ್ನೂ ಮುಟ್ಟುವ ಹಾಗೆ ಕಾಣಲಿಲ್ಲ.

"ಹಾಗಾದ್ರೆ ನೀವು ಮಾಡೋದಾದ್ರೂ ಏನು?"

"ನೋಡ್ತೀನಿ. ರಸ್ತೇಲಿ ಹೋಗೋ ಯಾರು ಬೇಕಾದ್ರೂ ನೋಡಬಹುದಾದ್ದನ್ನ ನಾನೂ ನೋಡ್ತೀನಿ. ಅವರು ನೋಡಿ ಮರೀತಾರೆ, ನಾನು ಟೈಮ್ ಹಾಕಿ ಬರ್ಕೋತೀನಿ, ವ್ಯತ್ಯಾಸ ಇಷ್ಟೇ. ರಸ್ತೆ, ಅಂಗಡಿ, ಪಾರ್ಕು, ಹೋಟ್ಲು. ಯಾರ ಮನೆ ಬಾಗಿಲೂ ದಾಟಲ್ಲ, ಕಿಟಕಿ ಸಂದೀಲಿ ಇಣುಕಲ್ಲ, ಸುಳ್ಳು ಹೇಳಿ ಯಾವ ಆಫೀಸಿಂದಲೂ ಕಾಗದ ತರಲ್ಲ. ಎಲ್ಲಿಗೆ ಹೋದ್ರು, ಎಷ್ಟು ಹೊತ್ತಿಗೆ, ಯಾರ ಜೊತೆ. ಈ ಮೂರನ್ನ ಒಂದು ಸಾಲೂ ಬಿಡದೆ ನಿಮಗೆ ಒಪ್ಪಿಸ್ತೀನಿ. ಬಚ್ಚಿಡೋ ಅಧಿಕಾರ ನನಗಿಲ್ಲ."

ಆಮೇಲೆ ಅವನು ಹೇಳಬೇಕಾದದ್ದನ್ನು ಹೇಳಿದ. ಹದಿನಾಲ್ಕು ವರ್ಷದ ಸಂಸಾರ. ಹೆಂಡತಿ ಕೃತಕ ಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಎರಡು ತಿಂಗಳಿಂದ ಮಂಗಳವಾರ, ಶುಕ್ರವಾರ ಮನೆಗೆ ಬರುವುದು ತಡ. ಕೇಳಿದರೆ ಕೆಲಸ ಜಾಸ್ತಿ ಅನ್ನುತ್ತಾಳೆ. ಒಂದು ದಿನ ಲ್ಯಾಬಿಗೇ ಫೋನು ಮಾಡಿದಾಗ, ಐದಕ್ಕೇ ಹೊರಟರಲ್ಲ ಎಂದರಂತೆ. ಅಲ್ಲಿಂದ ತಲೆಯಲ್ಲಿ ಹುಳ ಹೊಕ್ಕಿದೆ, ನಿದ್ದೆಯಿಲ್ಲ. "ಬೇರೆ ಯಾರಾದ್ರೂ ಇದ್ರೆ ಹೇಳಿಬಿಡ್ಲಿ ಮೇಡಂ. ಈ ಅನುಮಾನ ಅನ್ನೋದು ಮನುಷ್ಯನ್ನ ಎಷ್ಟು ಸಣ್ಣೋನು ಮಾಡುತ್ತೆ ಅಂದ್ರೆ, ಮೊನ್ನೆ ಅವಳ ಕರ್ಚೀಫು ಮೂಸಿ ನೋಡಿದೆ." ಹಾಗೆಂದು ಹೇಳಿ ನಾಚಿಕೆಯಿಂದ ಕಿಟಕಿಯ ಕಡೆ ತಿರುಗಿದ. ಇನ್ಸ್‌ಪೆಕ್ಟರಮ್ಮನಿಗೆ ಅವನ ಮೇಲೆ ಅನುಕಂಪ ಹುಟ್ಟಿದ್ದು ಆಗಲೇ.

ಮುಂದಿನ ಮಂಗಳವಾರ ಅವರು ಲ್ಯಾಬಿನ ಎದುರಿನ ಬಸ್ ಸ್ಟಾಪಿನಲ್ಲಿ ಕಾದರು. ಐದಕ್ಕೆ ಸರಿಯಾಗಿ ಆಕೆ ಹೊರಬಂದಳು. ತೋಳಿನ ಮೇಲೆ ಪ್ಲಾಸ್ಟರಿನ ಬಿಳಿ ಪುಡಿ, ಸ್ಕೂಟರಿನ ಮುಂದೆ ಒಂದು ಬಟ್ಟೆಯ ಚೀಲ. ಇನ್ಸ್‌ಪೆಕ್ಟರಮ್ಮ ಆಟೋ ಹಿಡಿದು ಹಿಂಬಾಲಿಸಿದರು. ಆಕೆ ಮೇಲ್ಸೇತುವೆಯ ಕೆಳಗೆ ತಿರುಗಿ, ಬೀಗದ ಕೈ ಮಾಡುವವನ ಅಂಗಡಿಯ ಪಕ್ಕ ಗಾಡಿ ನಿಲ್ಲಿಸಿ, ನಾಣ್ಯ ಹಾಕಿ ನಾವೇ ಬಟ್ಟೆ ಒಗೆದುಕೊಳ್ಳುವ ಲಾಂಡ್ರಿಯೊಂದರ ಒಳಗೆ ಹೋದಳು. ಆಗ ಐದೂಕಾಲು.

ಗಾಜಿನ ಬಾಗಿಲಾದ್ದರಿಂದ ಎಲ್ಲ ಕಾಣುತ್ತಿತ್ತು. ಗೋಡೆಗೆ ಎಂಟು ಮಷಿನು, ಎದುರಿಗೆ ನೆಲಕ್ಕೆ ಬಿಗಿದ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಆಕೆ ಚೀಲದಿಂದ ಎರಡು ಟವೆಲು ತೆಗೆದು ಮಷಿನಿಗೆ ಹಾಕಿದಳು. ಮೂರನೆಯ ಕುರ್ಚಿಯಲ್ಲಿ ಕೂತು ಫೋನನ್ನು ಚೀಲದ ತಳಕ್ಕೆ ತುರುಕಿ, ಕಾಗದದ ಪೊಟ್ಟಣದಿಂದ ಒಂದು ಬನ್ನು ತೆಗೆದು ಚೂರುಚೂರೇ ಮುರಿದು ತಿಂದಳು. ಮಷಿನು ತಿರುಗುವುದನ್ನು ನೋಡಿದಳು. ಆರೂವರೆಗೆ ಎದ್ದು ಮನೆಗೆ ಹೋದಳು.

ಇವಳನ್ನು ಕಾಣಬೇಕಾದವನು ಇವತ್ತು ಕೈಕೊಟ್ಟಿರಬೇಕು ಎಂದುಕೊಂಡರು ಇನ್ಸ್‌ಪೆಕ್ಟರಮ್ಮ. ಶುಕ್ರವಾರವೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಅದೇ ಟವೆಲು, ಅದೇ ಕುರ್ಚಿ. ಅದರ ಮುಂದಿನ ವಾರ ಅವರೂ ಒಳಗೆ ಹೋದರು. ಯಾರು ಬೇಕಾದರೂ ಬರುವ ಜಾಗಕ್ಕೆ ಹೋಗಲು ಕಾನೂನಿನ ತಕರಾರಿರಲಿಲ್ಲ. ಒಗೆಯಲು ಏನಾದರೂ ಬೇಕಲ್ಲ ಎಂದು ಮನೆಯಿಂದ ಒಂದು ಹಳದಿ ಬೆಡ್‌ಶೀಟು ಒಯ್ದರು. ಮುಂದಿನ ಸಲವೂ ಅದನ್ನೇ. ಅದರ ಮುಂದಿನ ಸಲವೂ. ಹತ್ತೊಂಬತ್ತು ವರ್ಷದ ಅನುಭವವಿದ್ದೂ ಬೇರೆ ಬಟ್ಟೆ ಒಯ್ಯಬೇಕೆಂದು ಅವರಿಗೆ ಹೊಳೆಯಲಿಲ್ಲ. ಏಕೆಂದರೆ ಅಷ್ಟರಲ್ಲಿ ಅವರ ಗಮನ ಕೆಲಸದ ಮೇಲೆ ಇರಲೇ ಇಲ್ಲ. ಆ ಕುರ್ಚಿ, ಸೋಪಿನ ವಾಸನೆ, ಒಂದೇ ಸಮನೆ ಗುಂಯ್‌ಗುಡುವ ಸದ್ದು ಎಲ್ಲ ಅವರಿಗೆ ಹಿತವಾಗತೊಡಗಿತ್ತು. ಸೋಮವಾರವೇ, ನಾಳೆ ಮಂಗಳವಾರ ಎಂದು ಮನಸ್ಸು ಅರಳುತ್ತಿತ್ತು.

ಮೂರನೆಯ ವಾರದ ಶುಕ್ರವಾರ ಆಕೆ ಎರಡು ಕುರ್ಚಿ ಆಚೆಯಿಂದ ಇವರ ಕಡೆ ತಿರುಗಿದಳು.

"ಒಂದು ಮಾತು ಕೇಳ್ಲಾ? ನಿಮ್ಮ ಬೆಡ್‌ಶೀಟು ಮೊದಲ ದಿನ ಇದ್ದಿದ್ದಕ್ಕಿಂತ ಎರಡು ಶೇಡು ಇಳಿದಿದೆ. ಪಾಪ, ಅದನ್ನ ಯಾಕೆ ಹೀಗೆ ಗೋಳು ಹೊಯ್ಕೋತೀರಿ?"

ಇನ್ಸ್‌ಪೆಕ್ಟರಮ್ಮ ಸಿಕ್ಕಿಬಿದ್ದಿದ್ದರು. ದಿನವಿಡೀ ಒಬ್ಬೊಬ್ಬರ ಬಾಯಿಗೆ ಹೊಂದುವ ಹಲ್ಲಿನ ಬಣ್ಣ ಹುಡುಕುವವಳ ಮುಂದೆ ಹಳದಿ ಬೆಡ್‌ಶೀಟು ಹಿಡಿದುಕೊಂಡು ಕೂತಿದ್ದರಲ್ಲ, ಇದಕ್ಕಿಂತ ಪೆದ್ದುತನ ಇನ್ನೇನಿದೆ? ಆದರೂ ಕೈ ಮಾತ್ರ ಅಭ್ಯಾಸಬಲದಿಂದ ಚೀಲದೊಳಗೆ ಹೋಗಿ ರೆಕಾರ್ಡರಿನ ಗುಂಡಿ ಒತ್ತಿತು. ತಾವೂ ಸೇರಿ ಆಡುವ ಮಾತನ್ನು ಮುದ್ರಿಸಿಕೊಳ್ಳಲು ಕಾನೂನು ಅಡ್ಡಿ ಮಾಡುತ್ತಿರಲಿಲ್ಲ.

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಸುಮ್ಮನೆ ನಕ್ಕರು.

"ನೀವೂ ನನ್ನ ಹಾಗೇನಾ?" ಎಂದಳು ಆಕೆ, ದನಿ ತಗ್ಗಿಸಿ. "ನಮ್ಮನೇಲೂ ಮಷಿನ್ ಇದೆ. ಒಳ್ಳೇದೇ ಇದೆ."

"ಮತ್ತೆ ಇಲ್ಲಿ?"

"ಹೇಗೆ ಹೇಳೋದು. ಮನೇಲಿ ಯಾರೂ ಕೆಟ್ಟೋರಲ್ಲ, ಅದೇ ತೊಂದ್ರೆ. ಜಗಳ ಇದ್ರೆ ಎದ್ದು ಬರಬಹುದಿತ್ತು. ಬಾಗಿಲು ತೆಗೆದ ಕೂಡಲೇ ಮಾವ ಟೀವಿ ಸೌಂಡು ಕಮ್ಮಿ ಮಾಡಿ ಏನಮ್ಮಾ ಬಂದ್ಯಾ ಅಂತಾರೆ. ಮಗಳು ಅಮ್ಮಾ ಅಂತಾಳೆ. ನಾದಿನಿ ಅತ್ತಿಗೆ ಅಂತಾಳೆ. ಎಲ್ರಿಗೂ ಒಂದೊಂದು ಬೇಕು, ಎಲ್ಲಾ ಸಣ್ಣಸಣ್ಣದೇ. ಇನ್ನು ನಮ್ಮೆಜಮಾನ್ರು, ಅಪ್ಪಟ ಚಿನ್ನ. ನಾನು ಎರಡು ನಿಮಿಷ ಸುಮ್ನೆ ಕೂತ್ರೆ ಸಾಕು, ಏನು ಯೋಚ್ನೆ ಮಾಡ್ತಿದೀಯಾ ಅಂತ ಬರ್ತಾರೆ. ಏನೂ ಇಲ್ಲ ಅಂದ್ರೆ ನಂಬಲ್ಲ. ಏನಾದ್ರೂ ಇರ್ಲೇಬೇಕು ಅವರಿಗೆ. ನಿಜವಾಗ್ಲೂ ಏನೂ ಇರಲ್ಲ ರೀ. ಏನೂ ಇಲ್ಲದೆ ಇರೋದಕ್ಕೇ ನಾನು ಇಲ್ಲಿಗೆ ಬರೋದು." ಬನ್ನಿನ ಅರ್ಧ ಮುರಿದು ಇವರ ಕಡೆ ಚಾಚಿದಳು. "ಅವರಿಗೆ ಹೇಳಿದ್ರೆ ಬೇಜಾರಾಗುತ್ತೆ. ಆಮೇಲೆ, ಒಬ್ಬಳೇ ಯಾಕೆ, ನಾನೂ ಬರ್ತೀನಿ ಅಂತಾರೆ. ಅಷ್ಟು ಒಳ್ಳೇಯವ್ರು."

ಇನ್ಸ್‌ಪೆಕ್ಟರಮ್ಮ ಬನ್ನು ತಿಂದರು. ಇಷ್ಟು ವರ್ಷ ಕಳ್ಳರನ್ನು ಹಿಡಿದಾಗ ಆಗದ ಸಂಕಟ ಈ ನಿರಪರಾಧಿಯನ್ನು ಹಿಡಿದಾಗ ಆಯಿತು.

ಆ ಭಾನುವಾರ ಅವರು ಕಚೇರಿಯಲ್ಲಿ ಒಬ್ಬರೇ ಕೂತು ರೆಕಾರ್ಡಿಂಗ್ ಕೇಳಿದರು. ಎರಡನೆಯ ಸಲ ಕೇಳಿದ್ದು ಕೆಲಸಕ್ಕಲ್ಲ, ತಮಗಾಗಿ. ಆಮೇಲೆ ಅಳಿಸಿಬಿಟ್ಟರು. ಎಲ್ಲಿ, ಎಷ್ಟು ಹೊತ್ತಿಗೆ, ಯಾರ ಜೊತೆ ಎನ್ನುವ ಮೂರರಲ್ಲಿ ಅದು ಯಾವುದಕ್ಕೂ ಸೇರಿದ್ದಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಆದರೆ ಜಾಗದ ಹೆಸರನ್ನು ಏನು ಮಾಡುವುದು? ಅದನ್ನು ಬರೆದರೆ ಮುಂದಿನ ಮಂಗಳವಾರ ಗಂಡ ಗಾಜಿನ ಬಾಗಿಲು ತಳ್ಳಿಕೊಂಡು ಬಂದು ನಾಲ್ಕನೆಯ ಕುರ್ಚಿಯಲ್ಲಿ ಪ್ರೀತಿಯಿಂದ ಕೂರುತ್ತಾನೆ. ವಾರಕ್ಕೆ ಎರಡೂವರೆ ಗಂಟೆ ಆ ಹೆಂಗಸಿನ ಪಾಲಿಗೆ ಇದ್ದದ್ದು ಹೋಯಿತೆಂದೇ ಲೆಕ್ಕ. "ಲ್ಯಾಬಿನ ಬಳಿ ಇದ್ದರು" ಎಂದು ಒಂದು ಸುಳ್ಳು ಸಾಲು ಬರೆದುಬಿಟ್ಟರೆ ಎಲ್ಲ ಸುಖಾಂತ. ಬೆರಳು ಕೀಲಿಮಣೆಯ ಮೇಲೆ ಬಹಳ ಹೊತ್ತು ನಿಂತಿತು.

ಕಾನೂನು ಫೋನಿನ ಸುತ್ತ ಗೆರೆ ಎಳೆದಿತ್ತು, ಗಾಡಿಯ ಸುತ್ತ, ಮನೆಯ ಬಾಗಿಲು ಕಿಟಕಿಗಳ ಸುತ್ತ ಎಳೆದಿತ್ತು. ಒಂದು ಪ್ಲಾಸ್ಟಿಕ್ ಕುರ್ಚಿಯ ಸುತ್ತ ಗೆರೆ ಎಳೆಯಬೇಕೆಂದು ಯಾವ ಪುಣ್ಯಾತ್ಮನಿಗೂ ತೋಚಿರಲಿಲ್ಲ. ಇನ್ಸ್‌ಪೆಕ್ಟರಮ್ಮ ಒಂದು ಗೆರೆಯನ್ನೂ ದಾಟದೆ ಆಕೆಯ ಏಕೈಕ ಸ್ವತ್ತನ್ನು ಕದ್ದು ತಂದಿದ್ದರು. ಬೇಕಾದರೆ ಯಾವ ನ್ಯಾಯಾಧೀಶರ ಮುಂದಾದರೂ ಎದೆ ತಟ್ಟಿ ನಿಲ್ಲಬಹುದಿತ್ತು. ಅದೇ ಅವರಿಗೆ ಅಸಹ್ಯವಾಯಿತು.

ಕೊನೆಗೆ ಬರೆದದ್ದು ನಿಜವನ್ನೇ. ಹತ್ತೊಂಬತ್ತು ವರ್ಷ ಬೇರೆಯವರ ಸುಳ್ಳು ಹಿಡಿದು ಅನ್ನ ತಿಂದವರಿಗೆ ತಮ್ಮ ಕೈಯಿಂದ ಒಂದನ್ನು ಬರೆಯಲು ಆಗಲಿಲ್ಲ. ಎರಡು ಹಾಳೆಯಾಯಿತು. ಮೊದಲನೆಯದರಲ್ಲಿ ಉತ್ತರ, ಎರಡನೆಯದರಲ್ಲಿ ಜಾಗ ಮತ್ತು ಹೊತ್ತು. ಎರಡನೆಯದನ್ನು ಬೇರೆ ಲಕೋಟೆಗೆ ಹಾಕಿ ಅಂಟಿಸಿದರು.

ಸೋಮವಾರ ಬೆಳಿಗ್ಗೆ ಮೆಕ್ಯಾನಿಕ್ ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಂದ. ಮೊದಲ ಹಾಳೆಯನ್ನು ಎರಡು ಸಲ ಓದಿದ. ಮುಖ ಅರಳುತ್ತದೆ ಎಂದು ಇನ್ಸ್‌ಪೆಕ್ಟರಮ್ಮ ಕಾದರು. ಅರಳಲಿಲ್ಲ, ಸಪ್ಪಗಾಯಿತು.

"ಯಾರೂ ಇಲ್ವಾ?"

"ಇಲ್ಲ. ಆರು ಸಲ ನೋಡಿದೀನಿ. ಒಬ್ಬರೇ ಇರ್ತಾರೆ."

"ಒಬ್ಬಳೇ." ಅವನು ಹಾಳೆಯನ್ನು ಮಡಿಚಿದ, ಮತ್ತೆ ಬಿಚ್ಚಿದ. "ಯಾರಾದ್ರೂ ಇದ್ದಿದ್ರೆ ಅವನನ್ನ ಬಯ್ಯಬಹುದಿತ್ತು. ಈಗ ಯಾರನ್ನ ಬಯ್ಯೋದು ಮೇಡಂ?"

ಇನ್ಸ್‌ಪೆಕ್ಟರಮ್ಮ ಲಕೋಟೆಯನ್ನು ಮುಂದಕ್ಕೆ ತಳ್ಳಿದರು. ಕೈ ಒಲ್ಲೆನೆನ್ನುತ್ತಿತ್ತು.

"ಎಲ್ಲಿ ಅನ್ನೋದು ಇದರಲ್ಲಿದೆ."

ಅವನು ಅದರ ಮೇಲೆ ಕೈಯಿಟ್ಟ, ಆದರೆ ಎತ್ತಿಕೊಳ್ಳಲಿಲ್ಲ. ಗ್ರೀಸಿನ ಬೆರಳಿನಿಂದ ಅಂಟಿಸಿದ ಅಂಚನ್ನು ಸವರುತ್ತ ಕೂತ.

"ಅಲ್ಲಿ ಅವಳು ಹೇಗಿರ್ತಾಳೆ?"

ಇದು ಒಪ್ಪಂದದ ಮೂರು ಪ್ರಶ್ನೆಗಳಲ್ಲಿ ಇರಲಿಲ್ಲ. ಗಮನಿಸಲಿಲ್ಲ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಇನ್ಸ್‌ಪೆಕ್ಟರಮ್ಮ ಜಾರಿಕೊಳ್ಳಲಿಲ್ಲ.

"ಚೆನ್ನಾಗಿರ್ತಾರೆ," ಎಂದರು. "ಒಂದು ಸಲ ಕಣ್ಣು ಮುಚ್ಕೊಂಡು ತಮ್ಮಷ್ಟಕ್ಕೆ ನಗ್ತಿದ್ರು."

ಮೆಕ್ಯಾನಿಕ್ಕಿಗೆ ನೋವಾಯಿತು. ಅದು ಮುಖದಲ್ಲೇ ಕಂಡಿತು, ಅವನು ಮುಚ್ಚಿಡಲೂ ಇಲ್ಲ. ಕೆಳಗಿನ ಅಂಗಡಿಯಲ್ಲಿ ಮೊಳೆ ಹೊಡೆಯುವ ಸದ್ದು ಕೇಳುತ್ತಿತ್ತು.

"ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡೋರನ್ನ ನಾನು ಎಷ್ಟೋ ಜನರನ್ನ ತೆಗೆದಿದೀನಿ," ಎಂದ ಕೊನೆಗೆ. "ಎಲ್ರೂ ಅಳ್ತಾರೆ, ಬಯ್ತಾರೆ. ಒಂದು ಸಲ ಒಬ್ಬ ಹೆಂಗಸು, ಮುಕ್ಕಾಲು ಗಂಟೆ ಒಳಗಿದ್ರು. ನಾನು ಏಳೋ ಬೀಳೋ ಅಂತ ಓಡಿಹೋಗಿ ಬಾಗಿಲು ಬಿಡಿಸಿದ್ರೆ, ನೆಲದ ಮೇಲೆ ಕೂತಿದ್ದೋರು ನನ್ನ ಮುಖ ನೋಡಿ, ಇಷ್ಟು ಬೇಗ ಬಂದುಬಿಟ್ರಾ ಅಂದ್ರು. ಆಯಮ್ಮಂಗೆ ತಲೆ ಸರಿಯಿಲ್ಲ ಅಂದ್ಕೊಂಡಿದ್ದೆ."

ಎದ್ದು ನಿಂತು ಟೂಲ್ ಬ್ಯಾಗನ್ನು ಹೆಗಲಿಗೇರಿಸಿದ. ಲಕೋಟೆಯನ್ನು ಮೇಜಿನ ಮೇಲೆಯೇ ಇನ್ಸ್‌ಪೆಕ್ಟರಮ್ಮನ ಕಡೆಗೆ ಸರಿಸಿದ.

"ಇದನ್ನ ಹರಿದುಹಾಕಿಬಿಡಿ."

"ಇದು ನಿಮಗೆ ಸೇರಿದ್ದು. ನೀವು ಕೇಳಿದ್ರೆ ನಾನು ಕೊಡಲೇಬೇಕು."

"ಗೊತ್ತು. ಕೇಳಲ್ಲ." ಬಾಗಿಲಲ್ಲಿ ಒಂದು ಗಳಿಗೆ ನಿಂತ. "ಎಲ್ಲಿ ಅಂತ ಗೊತ್ತಾದ್ರೆ ನಾನು ಹೋಗೇ ಹೋಗ್ತೀನಿ ಮೇಡಂ. ದೂರದಿಂದ ಒಂದು ಸಲ ನೋಡ್ಕೊಂಡು ಬರೋಣ ಅಂತಾದ್ರೂ ಹೋಗ್ತೀನಿ. ನಾನು ಹೋದ್ರೆ ಪಾಪ, ಅವಳು ಇನ್ನೊಂದು ಜಾಗ ಹುಡುಕಬೇಕಾಗುತ್ತೆ."