ಟೊಳ್ಳು ಟೈಲುಗಳು

"ಇದೂ ಟೊಳ್ಳು," ಎಂದು ಮೇಸ್ತ್ರಿ ಹದಿನಾಲ್ಕನೆಯ ಸಲ ಹೇಳಿ, ಹಳೆಯ ಟೈಲಿನ ಮೇಲೆ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದ.

ಮಂಡಿಯೂರಿ ಸುತ್ತಿಗೆಯ ಹಿಡಿಯಿಂದ ಕುಟ್ಟುತ್ತಾನೆ, ತಲೆ ವಾಲಿಸಿ ಕೇಳುತ್ತಾನೆ, ಮುಂದಕ್ಕೆ ಜರುಗುತ್ತಾನೆ. ನೆಲಮಾಳಿಗೆಯ ಮೆಟ್ಟಿಲ ಮೇಲೆ ಕೂತಿದ್ದ ಲೆಕ್ಚರರಿಗೆ ಎಷ್ಟು ನೋಡಿದರೂ ಸಾಲದು. ಇಪ್ಪತ್ತು ವರ್ಷ ತರ್ಕಶಾಸ್ತ್ರ ಪಾಠ ಹೇಳಿದ್ದರೂ ಇಷ್ಟು ಖಚಿತವಾಗಿ ಅವನು ಒಂದು ಮಾತನ್ನೂ ಆಡಿದ್ದಿಲ್ಲ.

"ಹೇಗೂ ಮುಚ್ಚಿಹೋಗುತ್ತಲ್ಲ ಮೇಸ್ತ್ರಿ, ಮೇಲೆ ಹೊಸದು ಹಾಕಿಬಿಡಿ."

"ಒಡೆದಿದ್ರೂ ಗಟ್ಟಿಯಾಗಿ ಕೂತಿದ್ರೆ ಹಾಕಬಹುದು ಸಾರ್. ಟೊಳ್ಳಿನ ಮೇಲೆ ಹಾಕಿದ್ರೆ ಹೊಸದೂ ಎದ್ದುಬರುತ್ತೆ. ಕಿತ್ತು ತುಂಬಲೇಬೇಕು." ಮತ್ತೆ ಕುಟ್ಟಿದ. "ಯಾರಿಗೆ ಸಾರ್ ಈ ರೂಮು?"

"ನೆಂಟರು ಬಂದ್ರೆ ಇರಲಿ ಅಂತ."

ನೆಂಟರು ಬಂದು ಆರು ವರ್ಷವಾಗಿತ್ತು. ನಾಳೆಯಿಂದ ಅವನೇ ಇಲ್ಲಿ ಮಲಗುವವನು. ಜಗಳವೇನೂ ಆಗಿರಲಿಲ್ಲ, ಆಗಿದ್ದರೆ ಎಷ್ಟೋ ವಾಸಿಯಿತ್ತು. "ಕೆಳಗೆ ಮಲಗಿದ್ರೆ ಓದೋಕೆ ಅನುಕೂಲ," ಎಂದು ಅವನು ಅಂದಿದ್ದ. "ನಿಮ್ಮಿಷ್ಟ," ಎಂದು ಹೆಂಡತಿ ಅಂದಿದ್ದಳು. ಬೇಡ ಎಂದಾಳು ಎಂದು ಅವನು ಒಂದು ತಿಂಗಳು ಕಾದಿದ್ದ.

ಸದ್ದು ಕೇಳಿ ಅವಳೇ ಕೆಳಗಿಳಿದು ಬಂದಳು.

"ಅದು ಹೇಗಪ್ಪಾ ಗೊತ್ತಾಗುತ್ತೆ?"

"ಕೇಳಿ ಅಮ್ಮಾ." ಒಂದನ್ನು ಕುಟ್ಟಿದ, ಪಕ್ಕದ್ದನ್ನು ಕುಟ್ಟಿದ.

ಅವಳು ಕುಕ್ಕರಗಾಲಿನಲ್ಲಿ ಕೂತು, ಬೆರಳ ಗೆಣ್ಣಿನಿಂದ ಮೂರನೆಯದನ್ನು ಕುಟ್ಟಿದಳು. "ಗಟ್ಟಿ." ನಾಲ್ಕನೆಯದು. "ಇದು ಹೋಯ್ತು."

ಮೇಸ್ತ್ರಿ ನಕ್ಕು ಸೀಮೆಸುಣ್ಣವನ್ನು ಅವಳ ಕೈಗೇ ಕೊಟ್ಟುಬಿಟ್ಟ. ಇಬ್ಬರೂ ಕುಟ್ಟುತ್ತ, ಗೆರೆ ಎಳೆಯುತ್ತ ಮೂಲೆಯವರೆಗೆ ಹೋದರು. ಅವಳ ಕಿವಿ ಇಷ್ಟು ಚುರುಕೆಂದು ಲೆಕ್ಚರರಿಗೆ ಗೊತ್ತೇ ಇರಲಿಲ್ಲ. ಹೆಮ್ಮೆಯೆನಿಸಿತು, ಅದರ ಹಿಂದೆಯೇ ಹೊಟ್ಟೆಕಿಚ್ಚು.

"ನೀವೂ ನೋಡಿ," ಎಂದಳು.

ಅವನು ಕುಟ್ಟಿದ. "ಗಟ್ಟಿ."

"ಟೊಳ್ಳು," ಎಂದರು ಇಬ್ಬರೂ ಒಟ್ಟಿಗೆ.

ಇನ್ನೊಂದು ಕುಟ್ಟಿದ. ಅದೂ ತಪ್ಪು. ಅವನಿಗೆ ಎಲ್ಲವೂ ಒಂದೇ ಸದ್ದು.

ಮೇಸ್ತ್ರಿ ಟೊಳ್ಳು ಟೈಲುಗಳನ್ನು ಕಿತ್ತ, ಬೇಗ ಗಟ್ಟಿಯಾಗುವ ಗಾರೆ ತುಂಬಿದ. ಆಮೇಲೆ ಅಂಟು ಬಳಿಯುತ್ತ, ದೂರದ ಮೂಲೆಯಿಂದ ಮೆಟ್ಟಿಲವರೆಗೆ ಹಿಂದೆ ಸರಿಯುತ್ತ ಹೊಸ ಟೈಲು ಕೂರಿಸಿಕೊಂಡು ಬಂದ. ಸಂಜೆಗೆ ನೆಲದಲ್ಲಿ ಕೂದಲೆಳೆಯಷ್ಟೂ ಏರುಪೇರಿರಲಿಲ್ಲ. ಆ ಕೈಗಳಿಗೆ ಕೈಮುಗಿಯಬೇಕೆನ್ನಿಸಿತು ಲೆಕ್ಚರರಿಗೆ. ಮುಗಿಯಲಿಲ್ಲ.

"ನಾಳೆ ಬೆಳಿಗ್ಗೆವರೆಗೂ ಕಾಲಿಡಬೇಡಿ ಸಾರ್," ಎಂದು ಮೇಸ್ತ್ರಿ ಹೊರಟ. ಸೀಮೆಸುಣ್ಣದ ತುಂಡು ಮೆಟ್ಟಿಲ ಮೇಲೇ ಉಳಿಯಿತು.

ಹೆಂಡತಿ ಮೇಲಿನ ಬಾಗಿಲಲ್ಲಿ ನಿಂತಿದ್ದಳು.

"ಹಾಸಿಗೆ ನಾಳೆ ಕೆಳಗೆ ತರೋದೇನಾ?"

ಅವನು ಮೇಸ್ತ್ರಿಯ ಹಾಗೆ ತಲೆ ವಾಲಿಸಿ ಕೇಳಿದ. ಆ ಮಾತಿನ ಕೆಳಗೆ ಏನಾದರೂ ಇತ್ತೇ? ತಿಳಿಯಲಿಲ್ಲ.

"ನಿನ್ನಿಷ್ಟ," ಎಂದ.

ಅವಳು ಬಾಗಿಲನ್ನು ಅರ್ಧ ಎಳೆದುಕೊಂಡಳು. ಆಮೇಲೆ ಹೆಜ್ಜೆ ಸದ್ದು ತಲೆಯ ಮೇಲೆ ಹಾದು ದೂರವಾಯಿತು.

ಅವನು ಸೀಮೆಸುಣ್ಣ ಎತ್ತಿಕೊಂಡ. ಕೂತಿದ್ದ ಮೆಟ್ಟಿಲನ್ನು ಕುಟ್ಟಿ ಕೇಳಿದ. ಗೋಡೆಯನ್ನು ಕುಟ್ಟಿ ಕೇಳಿದ. ಎಲ್ಲಿ ಗೆರೆ ಎಳೆಯಬೇಕೆಂದು ತಿಳಿಯದೆ ಕೂತೇ ಇದ್ದ. ಮುಷ್ಟಿಯೊಳಗೆ ಸೀಮೆಸುಣ್ಣ ಪುಡಿಯಾಗುತ್ತಿತ್ತು.