ಎಡ ಗೋಪುರದ ಗಡಿಯಾರ

ಇಷ್ಟು ವರ್ಷ ಪ್ರವಾಸಿಗರಿಗೆ ಊರು ತೋರಿಸಿ ಜೋರ್ಜಿನಾಗೆ ಮನುಷ್ಯಜಾತಿಯ ಮೇಲೇ ತಾತ್ಸಾರ ಹುಟ್ಟಿತ್ತು. ಬೆಳಗ್ಗೆ ಹಡಗಿನಿಂದ ಇಳಿದು, ಮಾಲ್ಟಾವನ್ನೆಲ್ಲ ಮಧ್ಯಾಹ್ನದೊಳಗೆ ಮುಗಿಸಿ, ಊಟಕ್ಕೆ ಮತ್ತೆ ಹಡಗಿಗೆ ಓಡುವ ಜನ. ಸಾವಿರಾರು ವರ್ಷದ ಕಲ್ಲುಗುಡಿಯ ಮುಂದೆ ನಿಂತು ಶೌಚಾಲಯ ಎಲ್ಲಿ ಎಂದು ಕೇಳುವವರು, ಕೋಟೆಗೆ ಬೆನ್ನು ತಿರುಗಿಸಿ ತಮ್ಮದೇ ಮೋರೆಯ ಫೋಟೊ ತೆಗೆದುಕೊಳ್ಳುವವರು. ಅವರನ್ನು ಕುರಿಗಳೆನ್ನಲೂ ಅವಳಿಗೆ ಮನಸ್ಸಿರಲಿಲ್ಲ. ಕುರಿಯಿಂದ ಉಣ್ಣೆಯಾದರೂ ಸಿಗುತ್ತದೆ.

ಹಾಗೆಂದು ತನ್ನ ಊರಿನವರ ಮೇಲೆ ಗೌರವವಿತ್ತೇ? ಅದೂ ಇಲ್ಲ. ಊರಿನ ಚರ್ಚಿಗೆ ಎರಡು ಗೋಪುರ, ಎರಡು ಗಡಿಯಾರ. ಬಲಗಡೆಯದು ಸರಿಯಾದ ಹೊತ್ತು ತೋರಿಸುತ್ತದೆ. ಎಡಗಡೆಯದನ್ನು ಬೇಕೆಂದೇ ತಪ್ಪಾಗಿ ಇಟ್ಟಿದ್ದಾರೆ. ಸಾಯುವವರ ಆತ್ಮ ಕದಿಯಲು ಬರುವ ಸೈತಾನನಿಗೆ ಯಾವುದು ನಿಜವಾದ ಹೊತ್ತೆಂದು ತಿಳಿಯಬಾರದಂತೆ. ದೇವರನ್ನೇ ಎದುರುಹಾಕಿಕೊಂಡವನು ನಮ್ಮೂರಿನ ಎರಡು ಗಡಿಯಾರ ನೋಡಿ ತಬ್ಬಿಬ್ಬಾಗುತ್ತಾನೆ ಎಂದು ಹೇಳಿ ಜೋರ್ಜಿನಾ ಪ್ರವಾಸಿಗರನ್ನು ನಗಿಸುತ್ತಿದ್ದಳು.

ನಗದೆ ಇದ್ದವಳು ಅವಳ ತಾಯಿ ಚೆನ್ಸಾ. ಮುದುಕಿ ಹಾಸಿಗೆ ಹಿಡಿದಿದ್ದಳು, ಡಾಕ್ಟರು ಕೈಚೆಲ್ಲಿದ್ದರು. ಕಿಟಕಿಯ ನೇರಕ್ಕೆ ಚರ್ಚು. ಸಾಯುವ ವಿಷಯದಲ್ಲಿ ಅವಳಿಗೆ ಅಂಥ ಚಿಂತೆಯಿರಲಿಲ್ಲ. ಎಡ ಗಡಿಯಾರವನ್ನು ನೋಡಿಕೊಂಡು, ಮಗಳನ್ನು ಬೈದುಕೊಂಡು, ನೆಮ್ಮದಿಯಾಗಿ ದಿನ ನೂಕುತ್ತಿದ್ದಳು.

ಅಷ್ಟರಲ್ಲಿ ಒಬ್ಬ ಪುಣ್ಯಾತ್ಮ ಪ್ರವಾಸಿ ಎಡ ಗಡಿಯಾರ ನಂಬಿ ಬಸ್ಸು ತಪ್ಪಿಸಿಕೊಂಡ. ಗಡಿಯಾರ ರಿಪೇರಿ ಮಾಡಿಸಲೂ ಗತಿಯಿಲ್ಲದ ಊರು ಎಂದು ಇಂಟರ್ನೆಟ್ಟಿನಲ್ಲಿ ಬರೆದ. ಮೇಯರ್ ವಿಸ್ಟಿನ್‌ಗೆ ಮೈಯೆಲ್ಲ ಉರಿಯಿತು. ಚೌಕದಲ್ಲಿ ಬಾರ್ ಇಟ್ಟುಕೊಂಡಿದ್ದ ಅವನಿಗೆ ಊರಿನ ಮಾನವೆಂದರೆ ತನ್ನ ಬಾರಿನ ಮಾನ. ರಾಜಧಾನಿ ವಲೆಟ್ಟಾದಿಂದ ಮೆಕ್ಯಾನಿಕ್ ಕರೆಸಿ ಎರಡೂ ಗಡಿಯಾರಗಳು ಒಂದೇ ಹೊತ್ತು ತೋರಿಸುವಂತೆ ಮಾಡಿಸಿದ. ಹೊಸದಾಗಿ ಬಂದ ಪಾದ್ರಿ, ಮೂಢನಂಬಿಕೆ ತೊಲಗಿತು ಎಂದು ಸಂತೋಷಪಟ್ಟರು.

ಅಂದಿನಿಂದ ಚೆನ್ಸಾ ಕಣ್ಣು ಮುಚ್ಚಲಿಲ್ಲ. ಸೂಪು ಕೊಟ್ಟರೆ ಬಾಯಿ ಬಿಗಿದಳು, ಮಗಳ ಮಣಿಕಟ್ಟು ಹಿಡಿದು ಬಿಡದಾದಳು. ನಿದ್ದೆಹೋದರೆ ಸಾಯುತ್ತೇನೆ, ಸತ್ತರೆ ಸೈತಾನ ಸರಿಯಾದ ಹೊತ್ತಿಗೆ ಬಂದು ನಿಂತಿರುತ್ತಾನೆ ಎಂಬ ಭಯ. ಜೋರ್ಜಿನಾ ಕಿಟಕಿ ಮುಚ್ಚಿ, ಗಡಿಯಾರವನ್ನು ಮೊದಲಿನ ಹಾಗೇ ತಪ್ಪು ಮಾಡಿದ್ದಾರೆ ಎಂದಳು.

"ಬಂದೋರಿಗೆಲ್ಲ ಸುಳ್ಳು ಹೇಳಿ ಹೇಳಿ ನಿನ್ನ ಬಾಯಿ ಪಳಗಿದೆ," ಎಂದಳು ಮುದುಕಿ. "ನನ್ಹತ್ರ ಬೇಡ ಕಣೇ. ಕಿಟಕಿ ತೆಗಿ, ನೋಡ್ತೀನಿ."

ಜೋರ್ಜಿನಾಗೆ ಕಿಟಕಿ ತೆಗೆಯಲು ಧೈರ್ಯ ಬರಲಿಲ್ಲ. ತಾಯಿ ಹೀಗೆ ನಡುಗುತ್ತಾ ಸಾಯುವುದನ್ನು ನೋಡಲೂ ಆಗದು. ಮಾನ ಬಿಟ್ಟು ವಿಸ್ಟಿನ್‌ನ ಬಾರಿಗೆ ಹೋಗಿ ಕೇಳಿಕೊಂಡಳು. ಅವನು ಗ್ಲಾಸು ಒರೆಸುತ್ತಾ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಅದನ್ನ ಆಡ್ಕೊಂಡು ನಗ್ತಿದ್ದೋಳು ನೀನೇ ಅಲ್ವೇನಮ್ಮ? ಈಗೇನು, ಸೈತಾನನ ಭಯ ಹತ್ತಿತಾ?"

ಬಾರಿನಲ್ಲಿದ್ದವರೆಲ್ಲ ನಕ್ಕರು. ಅವನು ಹೇಳಿದ್ದು ನಿಜವಾಗಿತ್ತು. ಅವಳು ಬಾಗಿಲು ತಳ್ಳಿಕೊಂಡು ಹೊರಬಿದ್ದಳು.

ಮರುದಿನ ಒಂದು ಬಸ್ಸಿನ ಜನರನ್ನು ಚೌಕದಲ್ಲಿ ಇಳಿಸಿದಳು. ಇಲ್ಲಿ ಒಂದು ವಿಚಿತ್ರವಿತ್ತು, ನಮ್ಮ ಮೇಯರು ಅದನ್ನು ಸರಿಪಡಿಸಿಬಿಟ್ಟರು, ಈಗ ನೋಡುವಂಥದ್ದೇನೂ ಇಲ್ಲ, ಪಕ್ಕದೂರಿನ ತಪ್ಪು ಗಡಿಯಾರ ಚೆನ್ನಾಗಿದೆ, ಬಸ್ ಹತ್ತಿ ಎಂದಳು. ಅವರು ಸೊಲ್ಲೆತ್ತದೆ ಹತ್ತಿದರು. ಬೇರೆ ಗೈಡುಗಳಿಗೂ ಹಾಗೇ ಹೇಳಿಕೊಟ್ಟಳು. ಗಿರಾಕಿಯಿಲ್ಲದೆ ತನ್ನ ಬಾರಿನ ಬಿಸಿ ಪಸ್ತಿತ್ಸಿ ಕಡುಬು ತಟ್ಟೆಯಲ್ಲೇ ತಣ್ಣಗಾಗುವುದನ್ನು ವಿಸ್ಟಿನ್ ಹೇಗೋ ಸಹಿಸಿಕೊಂಡ. ಆದರೆ ಹಬ್ಬದ ಪಟಾಕಿಯಲ್ಲಿ, ಬ್ಯಾಂಡಿನಲ್ಲಿ ತಲೆತಲಾಂತರದಿಂದ ಪೈಪೋಟಿಯಿದ್ದ ಪಕ್ಕದೂರಿನವರ ಬಾರು ತುಂಬಿ ತುಳುಕುತ್ತಿದೆ ಎಂದು ಕೇಳಿ ಅವನ ಹೊಟ್ಟೆಗೆ ಬೆಂಕಿ ಬಿತ್ತು. ಅದೇ ಮೆಕ್ಯಾನಿಕ್ ಮತ್ತೆ ಬಂದು ಎಡ ಗಡಿಯಾರವನ್ನು ಮೊದಲಿನ ಹಾಗೇ ತಪ್ಪಾಗಿ ಇಟ್ಟ. ಪೂರ್ವಿಕರ ಸಂಪ್ರದಾಯ ಕಾಪಾಡುವುದು ನಮ್ಮ ಕರ್ತವ್ಯ ಎಂದು ವಿಸ್ಟಿನ್ ಭಾಷಣ ಬಿಗಿದ. ನಾಚಿಕೆ ಎನ್ನುವುದನ್ನು ಅವನು ಹುಟ್ಟುವಾಗಲೇ ತಂದಿರಲಿಲ್ಲ.

ಜೋರ್ಜಿನಾ ಓಡಿಬಂದು ಕಿಟಕಿ ತೆಗೆದಳು. ಚೆನ್ಸಾ ಎರಡೂ ಗೋಪುರಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸೂಪು ಕೇಳಿ ಕುಡಿದಳು, ಉಪ್ಪು ಕಮ್ಮಿ ಎಂದು ಬೈದು ನಿದ್ದೆಹೋದಳು. ಮಾರನೆಯ ದಿನ ಸುಡುಬಿಸಿಲಿನ ಮಧ್ಯಾಹ್ನ, ಕಿಟಕಿಯತ್ತ ಮುಖಮಾಡಿ ಮಲಗಿದ್ದಂತೆಯೇ ಉಸಿರು ನಿಂತಿತು. ಮುಖದಲ್ಲಿ ಭಯದ ಗೆರೆಯೊಂದೂ ಇರಲಿಲ್ಲ.

ಡಾಕ್ಟರು ಬಂದರು, ಅದೇ ಬೀದಿಯಲ್ಲಿ ಹುಟ್ಟಿ ಬೆಳೆದವರು. ನಾಡಿ ನೋಡಿ, ಯಾವಾಗ ಹೋದರು ಎಂದು ಕೇಳಿದರು. ಜೋರ್ಜಿನಾಳ ಕೈಯಲ್ಲೇ ವಾಚಿತ್ತು. ಉಸಿರು ನಿಂತಾಗ ಅವಳು ಅದನ್ನು ನೋಡಿಯೂ ಇದ್ದಳು. ಈಗ ಮಾತ್ರ ತಲೆಯೆತ್ತಿ ಎಡ ಗೋಪುರದತ್ತ ನೋಡಿದಳು.

"ಎಂಟೂ ಇಪ್ಪತ್ತಕ್ಕೆ," ಎಂದಳು.

ಡಾಕ್ಟರು ಕಿಟಕಿಯ ಬಿಸಿಲನ್ನು ನೋಡಿದರು, ಅವಳ ಮುಖ ನೋಡಿದರು. ಸರಿ, ಎಂಟೂ ಇಪ್ಪತ್ತು ಎಂದರು.

"ಹುಡುಕ್ಲಿ ಈಗ," ಎಂದಳು ಜೋರ್ಜಿನಾ, ತಾಯಿಯ ರೆಪ್ಪೆ ಮುಚ್ಚುತ್ತಾ. "ಊರೆಲ್ಲ ಅಲೀಲಿ, ಮುಂಡೇದು."